ಬೆನ್ನಮೇಲಿನ ಬೆಂಕಿ

ದ್ವಾರಾವತಿ ಪಟ್ಟಣವು ಬೆಂದುಹೋದ ಕಥೆಯನ್ನು ಬಾಲ್ಯದಲ್ಲಿ ಕೇಳದ ಜೈನ ಮನೆತನಗಳು ವಿರಳ. ಮದ್ಯದ ಅಮಲೇರಿದ ಯಾದವ ಕುಮಾರರು ತಪೋನಿರತನಾಗಿದ್ದ ದ್ವೀಪಾಯನ ಮುನಿಯನ್ನು ಕಲ್ಲೆಸೆದು ನೋಯಿಸಿದರು. ಆತನ ಕ್ರೋಧವೇ ಅಗ್ನಿಯಾಗಿ ಪಟ್ಟಣವನ್ನು ನುಂಗಿತು. ಪುರಾಣದಿಂದ ಪುರಾಣಕ್ಕೆ ವಿವರಗಳು ಬೇರೆಯಾಗುತ್ತವೆ. ದ್ರವ್ಯಸಂಗ್ರಹಕ್ಕೆ ವೃತ್ತಿಯನ್ನು ರಚಿಸಿದ ಬ್ರಹ್ಮದೇವನು ಸಮುದ್ಘಾತಗಳನ್ನು ವಿವರಿಸುವ ಸಂದರ್ಭದಲ್ಲಿ ಇದೇ ಮುನಿಯನ್ನು ನಿದರ್ಶನವಾಗಿ ಹೆಸರಿಸುತ್ತಾನೆ. ಅಶುಭ ತೈಜಸವು ಕ್ರುದ್ಧನಾದ ತಪಸ್ವಿಯ ಎಡಭುಜದಿಂದ ಸಿಂಧೂರವರ್ಣದ ಆಕೃತಿಯಾಗಿ ಹೊರಡುತ್ತದೆ. ಹನ್ನೆರಡು ಯೋಜನದವರೆಗೆ ಹಬ್ಬಿ, ದ್ವೇಷಕ್ಕೆ ಗುರಿಯಾದುದನ್ನು ಬೂದಿಮಾಡುತ್ತದೆ. ಕೊನೆಗೆ ತಾನು ಹೊರಟ ದೇಹಕ್ಕೇ ಹಿಂದಿರುಗಿ ಆ ತಪಸ್ವಿಯನ್ನೂ ಸುಡುತ್ತದೆ.

ಇಪ್ಪತ್ತನೆಯ ಶತಮಾನದ ಯುದ್ಧಭೂಮಿಯಲ್ಲಿ ಮನುಷ್ಯನು ತನ್ನ ಮೈಯಿಂದ ಬೆಂಕಿಯನ್ನು ಹೊರಡಿಸುವುದಕ್ಕೆ ತಪಸ್ಸು ಬೇಕಾಗಲಿಲ್ಲ. ಅದಕ್ಕಿಂತಲೂ ವಿಚಾರಾರ್ಹವಾದ ಸಂಗತಿಯೆಂದರೆ, ಕ್ರೋಧವೂ ಬೇಕಾಗಲಿಲ್ಲ. ಉಕ್ಕಿನ ಎರಡು ಮೂರು ಸಿಲಿಂಡರುಗಳು, ಒಂದು ರಬ್ಬರ್ ಕೊಳವೆ, ಕೈಯಲ್ಲಿ ಹಿಡಿಯುವ ಒಂದು ನಳಿಕೆ ಇವಿಷ್ಟೇ ಸಾಕಾದವು. ಸೈನಿಕರು ಫ್ಲೇಮ್‌ಥ್ರೋವರ್ ಎಂದು ಕರೆಯುವ ಈ ಆಯುಧವನ್ನು ಕನ್ನಡದಲ್ಲಿ ಜ್ವಾಲಾಯಂತ್ರ ಎನ್ನಬಹುದು. ಒಬ್ಬನೇ ಕಾಲಾಳು ಅದನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯಬಲ್ಲ. ತತ್ತ್ವಾರ್ಥಸೂತ್ರವು ಪ್ರಮತ್ತಯೋಗದಿಂದ ಆಗುವ ಪ್ರಾಣಹರಣವನ್ನು ಹಿಂಸೆಯೆಂದು ನಿರೂಪಿಸಿದೆ, ಅಂದರೆ ಹಿಂಸೆಯ ಬೇರನ್ನು ಅದು ಕಷಾಯಯುಕ್ತವಾದ ಮನಸ್ಸಿನಲ್ಲಿ ಗುರುತಿಸುತ್ತದೆ. ಹಾಗಾದರೆ ಯಾರ ಎದೆಯಲ್ಲಿಯೂ ಕ್ರೋಧವು ಹೊತ್ತಿಕೊಳ್ಳದೆಯೇ ಹೊರಟ ಬೆಂಕಿಯ ಹಿಂಸೆ ಎಲ್ಲಿ ನೆಲೆಸಿದೆ? ಅದನ್ನು ಹೊತ್ತವನಲ್ಲಿಯೋ, ರೂಪಿಸಿದವನಲ್ಲಿಯೋ, ಹೊರಡೆಂದು ಆಜ್ಞೆಯಿತ್ತವನಲ್ಲಿಯೋ, ದೂರದಲ್ಲಿ ಕುಳಿತು ಸಂತೋಷಪಟ್ಟವನಲ್ಲಿಯೋ? ಆ ಯಂತ್ರದ ಚರಿತ್ರೆಯನ್ನು ಹತ್ತಿರದಿಂದ ನೋಡಿದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ.

ಯುದ್ಧದಲ್ಲಿ ಬೆಂಕಿಯ ಉಪಯೋಗ ಹೊಸದಲ್ಲ. ಬೈಜಾಂಟಿಯಮ್ ಸಾಮ್ರಾಜ್ಯದ ನೌಕೆಗಳು ಏಳನೆಯ ಶತಮಾನದಲ್ಲಿಯೇ ಉರಿಯುವ ದ್ರವವನ್ನು ಕೊಳವೆಗಳಿಂದ ಶತ್ರುನೌಕೆಗಳ ಮೇಲೆ ಸುರಿಸುತ್ತಿದ್ದವು. ಆದರೆ ಅದನ್ನು ಆಧುನಿಕ ಕಾಲಾಳುವಿನ ಆಯುಧವನ್ನಾಗಿ ರೂಪಿಸಿದವನು ರಿಚರ್ಡ್ ಫೀಡ್ಲರ್ ಎಂಬ ಜರ್ಮನ್ ಇಂಜಿನಿಯರು. ಆತನು 1901ರಲ್ಲಿ ತನ್ನ ಮಾದರಿಗಳನ್ನು ಜರ್ಮನ್ ಸೈನ್ಯದ ಮುಂದಿಟ್ಟನು. ತತ್ತ್ವ ಸರಳವಾದುದು. ಒಂದು ಪಾತ್ರೆಯಲ್ಲಿ ಎಣ್ಣೆ, ಇನ್ನೊಂದರಲ್ಲಿ ಒತ್ತಡಕ್ಕೊಳಗಾದ ಅನಿಲ. ಅನಿಲವು ಎಣ್ಣೆಯನ್ನು ನಳಿಕೆಯ ಮೂಲಕ ಹೊರದಬ್ಬುತ್ತದೆ, ನಳಿಕೆಯ ತುದಿಯಲ್ಲಿ ಅದಕ್ಕೆ ಕಿಡಿ ತಗಲುತ್ತದೆ. ಹೊರಚಿಮ್ಮಿದ ಜ್ವಾಲೆ ಸುಮಾರು ಹದಿನೆಂಟು ಇಪ್ಪತ್ತು ಮೀಟರುಗಳವರೆಗೆ ತಲುಪುತ್ತಿತ್ತು. ದೇವಾಲಯದ ಅಂಗಳದ ಈ ತುದಿಯಿಂದ ಆ ತುದಿಗೆ ಆಗುವಷ್ಟೇ ದೂರ. ಬಂದೂಕಿನ ಗುಂಡು ನೂರಾರು ಮೀಟರು ಹೋಗುವ ಕಾಲದಲ್ಲಿ ಇದು ಅತ್ಯಲ್ಪವೆನಿಸುವ ಅಳತೆ. ಈ ಅಲ್ಪತೆಯೇ ಈ ಆಯುಧದ ಎಲ್ಲ ನೈತಿಕ ತೊಡಕುಗಳ ಮೂಲ. ಅದನ್ನು ಬಳಸುವವನು ಎದುರಾಳಿಯ ಮುಖ ಕಾಣುವಷ್ಟು ಸಮೀಪಕ್ಕೆ ಹೋಗಲೇಬೇಕಾಗಿತ್ತು.

ಮೊದಲನೆಯ ಮಹಾಯುದ್ಧದಲ್ಲಿ ಈ ಯಂತ್ರಗಳ ದಳವನ್ನು ಕಟ್ಟಿ ಮುನ್ನಡೆಸಿದ ಬರ್ನ್‌ಹಾರ್ಡ್ ರೆಡ್ಡೆಮನ್ ಎಂಬ ಅಧಿಕಾರಿಯ ಪೂರ್ವವೃತ್ತಿಯನ್ನು ಕೇಳಿದರೆ ಯಾರಿಗಾದರೂ ಒಂದು ಕ್ಷಣ ಮಾತು ಹೊರಡದು. ಆತನು ಲೈಪ್‌ಜಿಗ್ ನಗರದ ಅಗ್ನಿಶಾಮಕ ದಳದ ಮುಖ್ಯಸ್ಥನಾಗಿದ್ದನು. ಬೆಂಕಿಯಿಂದ ಜನರನ್ನು ಪಾರುಮಾಡುವುದು ಅವನ ಕಸುಬು. ಒತ್ತಡದಲ್ಲಿ ದ್ರವವು ಹೇಗೆ ಚಿಮ್ಮುತ್ತದೆ, ಕೊಳವೆಯನ್ನು ಹೇಗೆ ಹಿಡಿಯಬೇಕು, ಬೆಂಕಿಯ ಮುಂದೆ ಮನುಷ್ಯನು ಹೇಗೆ ಧೃತಿಗೆಡುತ್ತಾನೆ ಇವೆಲ್ಲವನ್ನೂ ಬಲ್ಲವನು ಅವನು. ಹಾಗಿದ್ದುದರಿಂದಲೇ ಅವನು ಈ ಕೆಲಸಕ್ಕೂ ತಕ್ಕವನಾದನು. ಅವನು ದುಷ್ಟನಾಗಿದ್ದನೆನ್ನುವುದಕ್ಕೆ ಯಾವ ಆಧಾರವೂ ಇಲ್ಲ. ವಿದ್ಯೆಯೊಂದು ಕಲಿತವನ ಕೈಯಲ್ಲಿ ತಿರುಗಿನಿಂತಾಗ ಅವನ ಸ್ವಭಾವದಲ್ಲಿ ಎದ್ದುಕಾಣುವ ಬದಲಾವಣೆಯೇನೂ ಆಗಬೇಕಾಗಿಲ್ಲವೆಂಬುದು ಈ ಪ್ರಸಂಗದಿಂದ ವ್ಯಕ್ತವಾಗುತ್ತದೆ.

1915ರ ಫೆಬ್ರವರಿ 26ರಂದು ಫ್ರಾನ್ಸಿನ ವೆರ್ದೂನ್ ಸಮೀಪದ ಮಾಲಾಂಕೂರ್ ಎಂಬಲ್ಲಿ ಫ್ರೆಂಚರ ಕಂದಕಗಳ ಮೇಲೆ ಜ್ವಾಲಾಯಂತ್ರಗಳು ಮೊದಲ ಬಾರಿಗೆ ಪ್ರಯೋಗವಾದವು. ಅದೇ ವರ್ಷದ ಜುಲೈ 30ರ ನಸುಕಿನಲ್ಲಿ ಬೆಲ್ಜಿಯಮ್ ದೇಶದ ಈಪರ್ ಬಳಿಯ ಹೂಗ ಎಂಬ ಗ್ರಾಮದಲ್ಲಿ ಬ್ರಿಟಿಷರು ಅದನ್ನು ಎದುರಿಸಿದರು. ಕತ್ತಲಿನಲ್ಲಿ ಬುಸುಗುಟ್ಟುವ ಸದ್ದು, ಹಿಂದೆಯೇ ಉರಿಯ ಧಾರೆ. ಎರಡು ದಿನಗಳ ಕಾಳಗದಲ್ಲಿ ಬ್ರಿಟಿಷರ ಕಡೆ 31 ಅಧಿಕಾರಿಗಳೂ 751 ಸೈನಿಕರೂ ಹತರೋ ಗಾಯಾಳುಗಳೋ ಕಾಣೆಯಾದವರೋ ಆದರು. ಆದರೆ ಇವರಲ್ಲಿ ಬೆಂಕಿಯಿಂದಲೇ ಬೆಂದವರು ಕೆಲವರು ಮಾತ್ರ. ಬಹುಪಾಲು ಜನರು ಜ್ವಾಲೆಯನ್ನು ಕಂಡು ಕಂದಕವನ್ನು ಬಿಟ್ಟು ಬಯಲಿಗೆ ಬಂದಾಗ, ಇಲ್ಲವೆ ಕಳೆದುಕೊಂಡ ನೆಲವನ್ನು ಮರಳಿ ಪಡೆಯಲು ಮುನ್ನುಗ್ಗಿದಾಗ, ಗುಂಡುಗಳಿಗೆ ಬಲಿಯಾದರು. ಸುಟ್ಟುದಕ್ಕಿಂತ ಮಿಗಿಲಾಗಿ ಬೆದರಿಸಿದುದರಿಂದಲೇ ಯಂತ್ರವು ತನ್ನ ಕೆಲಸವನ್ನು ಸಾಧಿಸಿತು. ಯುದ್ಧವು ಮುಗಿಯುವುದರೊಳಗೆ ಜರ್ಮನ್ನರು ಇಂತಹ ಆರುನೂರಕ್ಕೂ ಮಿಕ್ಕಿದ ದಾಳಿಗಳನ್ನು ನಡೆಸಿದರು. ಎದುರಾಳಿಗಳೂ ಸುಮ್ಮನಿರದೆ ತಮ್ಮ ತಮ್ಮ ಮಾದರಿಗಳನ್ನು ಸಿದ್ಧಪಡಿಸಿಕೊಂಡರು.

ಇಲ್ಲಿ ಒಂದು ವಾದ ಹುಟ್ಟುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬೆಂಕಿಯ ಭಯದಿಂದ ಶತ್ರುವು ಕೈಯೆತ್ತಿ ಹೊರಬಂದರೆ ಎರಡು ಕಡೆಯ ಜೀವಗಳೂ ಉಳಿಯುತ್ತವಲ್ಲವೆ? ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ರಣರಂಗದಲ್ಲಿ ಹಾಗೆ ನಡೆದದ್ದೂ ಉಂಟು. ಕೋಟೆಗೂಡಿನ ಗೋಡೆಯ ಮೇಲೆ ಒಂದು ಬಾರಿ ಜ್ವಾಲೆಯನ್ನು ಹಾಯಿಸಿದ ಮಾತ್ರಕ್ಕೆ ಒಳಗಿದ್ದವರು ಶರಣಾಗತರಾದ ಪ್ರಸಂಗಗಳಿವೆ. ಗುಂಡು ಹಾರಿಸಿದ್ದರೆ ಸಾಯುತ್ತಿದ್ದವರು ಬದುಕಿದರು. ಹಿಂಸೆಯನ್ನು ಹೆಣಗಳ ಎಣಿಕೆಯಿಂದ ಅಳೆಯುವವರಿಗೆ ಇದು ಸಮಾಧಾನ ತರುವ ಉತ್ತರವಾಗಿ ಕಾಣಬಹುದು. ಆದರೆ ಆ ಭಯವು ಎಲ್ಲಿಂದ ಬಂತು? ಹಿಂದೆ ಒಬ್ಬನು ನಿಜವಾಗಿ ಬೆಂದಿದ್ದಾನೆ, ಅವನ ಕೂಗನ್ನು ಕೇಳಿದವರು ಉಳಿದವರಿಗೆ ಹೇಳಿದ್ದಾರೆ. ಇಂದು ಶರಣಾದವನ ಪ್ರಾಣವನ್ನು ಉಳಿಸಿದ ಭಯವು ನಿನ್ನೆ ಸತ್ತವನ ವೇದನೆಯಿಂದ ಪಡೆದ ಸಾಲ. ಅಲ್ಲದೆ ಭಯವು ಎಲ್ಲ ಕಡೆಗೂ ಫಲಿಸಲಿಲ್ಲ. ಪೆಸಿಫಿಕ್ ಸಾಗರದ ಇವೋ ಜಿಮಾ ದ್ವೀಪದಲ್ಲಿ ಸುಮಾರು 21,000 ಜಪಾನೀ ಸೈನಿಕರಿದ್ದರು. ಕಾಳಗವು ಮುಗಿಯುವವರೆಗೆ ಜೀವಂತವಾಗಿ ಸೆರೆಸಿಕ್ಕವರು ಇನ್ನೂರರ ಆಸುಪಾಸು ಮಾತ್ರ. ಉಳಿದವರು ಗವಿಗಳಿಂದ ಹೊರಬರಲಿಲ್ಲ.

ಯಂತ್ರವನ್ನು ಹೊತ್ತವನ ಸ್ಥಿತಿಯನ್ನೂ ನೋಡಬೇಕು. ಅಮೆರಿಕನ್ನರು 1944ರಿಂದ ಬಳಸಿದ ಎಂ2 ಮಾದರಿಯು ತುಂಬಿದಾಗ ಸುಮಾರು 30 ಕಿಲೋಗ್ರಾಂ ತೂಗುತ್ತಿತ್ತು. ಅದರಲ್ಲಿ ಹಿಡಿಯುತ್ತಿದ್ದುದು ಸುಮಾರು 18 ಲೀಟರ್ ಇಂಧನ. ಅದನ್ನು ನಿಲ್ಲಿಸದೆ ಬಿಟ್ಟರೆ ಎಂಟು ಒಂಬತ್ತು ಸೆಕೆಂಡುಗಳಲ್ಲಿ ಬರಿದಾಗುತ್ತಿತ್ತು. ಅಷ್ಟು ಸೆಕೆಂಡುಗಳಿಗಾಗಿ ಅವನು ಆ ಭಾರವನ್ನು ಹೊತ್ತು, ಓಡಲಾರದೆ, ಬಗ್ಗಲಾರದೆ, ಎಲ್ಲರ ಕಣ್ಣಿಗೂ ಬೀಳುತ್ತ ತೆವಳಬೇಕಾಗಿತ್ತು. ಬೆನ್ನಮೇಲಿನ ಪಾತ್ರೆಗೆ ಗುಂಡು ತಗುಲಿದೊಡನೆ ಅದು ಸಿಡಿದು ಅವನೇ ಉರಿಯುವ ದೃಶ್ಯವು ಚಲನಚಿತ್ರಗಳಲ್ಲಿ ಪದೇ ಪದೇ ಕಾಣುತ್ತದೆ. ವಾಸ್ತವದಲ್ಲಿ ಅದು ಅಪರೂಪವಾಗಿತ್ತು. ಅವನ ನಿಜವಾದ ಅಪಾಯವೆಂದರೆ ಎಲ್ಲರ ಬಂದೂಕುಗಳೂ ಮೊದಲು ಅವನನ್ನೇ ಹುಡುಕುತ್ತಿದ್ದವು, ಸೆರೆಸಿಕ್ಕರೆ ಅವನಿಗೆ ಉಳಿದ ಸೈನಿಕರಿಗೆ ಸಿಗುವ ಕರುಣೆ ಸಿಗುವ ಭರವಸೆಯಿರಲಿಲ್ಲ. ಸೋವಿಯತ್ ಸೈನ್ಯವು ಇದನ್ನು ಅರಿತೇ ತನ್ನ ರೋಕ್ಸ್-2 ಎಂಬ ಮಾದರಿಯ ನಳಿಕೆಯನ್ನು ಸಾಧಾರಣ ಬಂದೂಕಿನಂತೆಯೂ ಇಂಧನದ ಪಾತ್ರೆಯನ್ನು ಸೈನಿಕರ ಬೆನ್ನುಚೀಲದಂತೆಯೂ ಕಾಣುವ ಹಾಗೆ ರಚಿಸಿತು. ತನ್ನ ಆಯುಧವನ್ನು ಆಯುಧಗಳ ನಡುವೆಯೇ ಮರೆಮಾಚಬೇಕಾದ ಸೈನಿಕನು ಯುದ್ಧಗಳ ಚರಿತ್ರೆಯಲ್ಲಿ ಬಹುಶಃ ಅಪರೂಪ.

ಬಂಕರಿನೊಳಗೆ ಈ ಜ್ವಾಲೆಯು ಮಾಡುತ್ತಿದ್ದುದು ಬರಿಯ ದಹನವಲ್ಲ. ಮುಚ್ಚಿದ ಜಾಗದಲ್ಲಿ ಅದು ಆಮ್ಲಜನಕವನ್ನು ಹೀರಿಕೊಂಡು ವಿಷಾನಿಲವನ್ನು ತುಂಬುತ್ತಿತ್ತು. ಮೈಮೇಲೆ ಒಂದು ಬೊಬ್ಬೆಯೂ ಇಲ್ಲದೆ ಸತ್ತವರಿದ್ದರು. ತೆಳುವಾದ ಎಣ್ಣೆಯು ಗಾಳಿಯಲ್ಲಿಯೇ ಬಹುಪಾಲು ಉರಿದುಹೋಗುತ್ತಿದ್ದುದರಿಂದ ಅದನ್ನು ಮಂದಗೊಳಿಸುವ ವಸ್ತುವಿಗಾಗಿ ಹುಡುಕಾಟ ನಡೆಯಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಲೂಯಿ ಫೀಸರ್ ಮತ್ತು ಅವರ ಸಂಗಡಿಗರು 1942ರಲ್ಲಿ ಅದನ್ನು ಕಂಡುಹಿಡಿದರು. ಅಲ್ಯುಮಿನಿಯಮ್ ಸಾಬೂನಿನ ಒಂದು ಬಗೆಯ ಪುಡಿಯನ್ನು ಪೆಟ್ರೋಲಿಗೆ ಬೆರೆಸಿದರೆ ಅದು ಲೋಳೆಯಾಗುತ್ತದೆ, ದೂರ ಹೋಗುತ್ತದೆ, ತಗುಲಿದಲ್ಲಿ ಅಂಟಿಕೊಂಡು ಉರಿಯುತ್ತದೆ. ಅದೇ ನೇಪಾಮ್. ಜ್ವಾಲಾಯಂತ್ರದ ವ್ಯಾಪ್ತಿಯು ಸುಮಾರು ನಲವತ್ತು ಮೀಟರುಗಳಿಗೆ ಏರಿತು.

ಇದೇ ಫೀಸರ್ ಅವರು ಮೂರು ವರ್ಷಗಳ ಹಿಂದೆ, 1939ರಲ್ಲಿ, ರಕ್ತ ಹೆಪ್ಪುಗಟ್ಟಲು ಬೇಕಾಗುವ ಕೆ ಜೀವಸತ್ತ್ವವನ್ನು ಪ್ರಯೋಗಶಾಲೆಯಲ್ಲಿ ಸಂಯೋಜಿಸಿದವರಲ್ಲಿ ಒಬ್ಬರು. ನವಜಾತ ಶಿಶುಗಳ ರಕ್ತಸ್ರಾವವನ್ನು ತಡೆಯಲು ಇಂದಿಗೂ ಕೊಡುವ ಜೀವಸತ್ತ್ವ ಅದು. ವಿಯೆಟ್ನಾಮ್ ಯುದ್ಧದ ಕಾಲದಲ್ಲಿ ನೇಪಾಮಿನ ಬಗ್ಗೆ ಜನರ ಆಕ್ರೋಶವೆದ್ದಾಗ ಅವರನ್ನು ಪ್ರಶ್ನಿಸಲಾಯಿತು. ತಾವು ಕಟ್ಟಡಗಳನ್ನು ಸುಡುವ ಉದ್ದೇಶದಿಂದ ಅದನ್ನು ರೂಪಿಸಿದ್ದೆಂದೂ, ಮನುಷ್ಯರ ಮೇಲೆ ಬಳಸುವ ಯೋಚನೆ ತಮಗಿರಲಿಲ್ಲವೆಂದೂ, ಕಂಡುಹಿಡಿದ ಮಾತ್ರಕ್ಕೆ ಅದರ ಧರ್ಮಾಧರ್ಮಗಳ ತೀರ್ಪು ಕೊಡುವ ಅಧಿಕಾರ ತಮಗಿಲ್ಲವೆಂದೂ ಅವರು ಉತ್ತರವಿತ್ತರು. ಈ ಉತ್ತರದಲ್ಲಿ ಕಪಟವಿದ್ದಂತೆ ಕಾಣುವುದಿಲ್ಲ. ಆದರೂ ಅದನ್ನು ಒಪ್ಪುವುದು ಶ್ರಾವಕಾಚಾರವನ್ನು ಓದಿದವರಿಗೆ ಕಷ್ಟ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಅನರ್ಥದಂಡಗಳನ್ನು ಹೇಳುವಾಗ ಹಿಂಸಾದಾನವೆಂಬ ಒಂದು ದೋಷವನ್ನು ಎಣಿಸಿದ್ದಾರೆ. ವಧೆಗೆ ಕಾರಣವಾಗುವ ಉಪಕರಣಗಳನ್ನು ಇನ್ನೊಬ್ಬರ ಕೈಗೆ ಕೊಡುವುದೇ ಆ ದೋಷ. ಕೊಡಲಿ, ಕತ್ತಿ, ಗುದ್ದಲಿಗಳ ಜೊತೆಯಲ್ಲಿ ಬೆಂಕಿಯೂ ಆಯುಧವೂ ಅಲ್ಲಿ ಒಂದೇ ಪಟ್ಟಿಯಲ್ಲಿ ಬರುತ್ತವೆ. ನೆರೆಮನೆಯ ಒಲೆಯಿಂದ ಕೆಂಡ ತರುತ್ತಿದ್ದ ಕಾಲದಲ್ಲಿ ಈ ನಿಯಮವು ಎಷ್ಟು ಕಟುವಾಗಿ ತೋರಿರಬೇಕು! ಕೊಟ್ಟವನಿಗೆ ಕೋಪವಿದೆಯೋ ಇಲ್ಲವೋ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಕೊಟ್ಟ ಮೇಲೆ ಅದು ಎಲ್ಲಿಗೆ ಹೋಗಬಹುದೆಂದು ಯೋಚಿಸದಿರುವ ಉದಾಸೀನವೇ ಪ್ರಮಾದ.

ಈ ಯಂತ್ರವನ್ನು ಹೊತ್ತವರಲ್ಲಿ ಒಬ್ಬರ ಬದುಕು ಸಾರ್ವಜನಿಕ ದಾಖಲೆಗಳಲ್ಲಿ ಸ್ಪಷ್ಟವಾಗಿ ಉಳಿದಿದೆ. ಹರ್ಷೆಲ್ ವುಡ್ರೋ ವಿಲಿಯಮ್ಸ್ ಅವರು 1923ರಲ್ಲಿ ಅಮೆರಿಕದ ಪಶ್ಚಿಮ ವರ್ಜೀನಿಯಾದ ಹೈನುಗಾರಿಕೆಯ ಕುಟುಂಬವೊಂದರಲ್ಲಿ ಹುಟ್ಟಿದರು. ಸೇನೆಗೆ ಸೇರುವ ಮೊದಲು ಅವರು ಯುದ್ಧದಲ್ಲಿ ಮಡಿದವರ ಮನೆಗಳಿಗೆ ಸಾವಿನ ತಂತಿಗಳನ್ನು ತಲುಪಿಸುವ ಕೆಲಸವನ್ನೂ ಮಾಡಿದ್ದರು. ಎತ್ತರ ಸಾಲದೆಂದು ನೌಕಾಪದಾತಿದಳವು ಮೊದಲು ಅವರನ್ನು ಹಿಂದಕ್ಕೆ ಕಳುಹಿಸಿತ್ತು. 1945ರ ಫೆಬ್ರವರಿ 23ರಂದು ಇವೋ ಜಿಮಾ ದ್ವೀಪದಲ್ಲಿ ಅವರ ತುಕಡಿಯು ಕಾಂಕ್ರೀಟ್ ಬಂಕರುಗಳ ಸಾಲಿನ ಮುಂದೆ ಸಿಕ್ಕಿಕೊಂಡಿತು. ನಾಲ್ವರು ಬಂದೂಕುಧಾರಿಗಳ ರಕ್ಷಣೆಯಲ್ಲಿ ವಿಲಿಯಮ್ಸ್ ಮುಂದೆ ಹೋದರು. ನಾಲ್ಕು ಗಂಟೆಗಳ ಅವಧಿಯಲ್ಲಿ ಬರಿದಾದ ಯಂತ್ರವನ್ನು ಬಿಟ್ಟು ತುಂಬಿದ ಯಂತ್ರವನ್ನು ಹೊರಲು ಮತ್ತೆ ಮತ್ತೆ ಹಿಂದಿರುಗಿ, ಆರು ಯಂತ್ರಗಳನ್ನು ಬಳಸಿ ಏಳು ಬಂಕರುಗಳನ್ನು ನಿಃಶಬ್ದಗೊಳಿಸಿದರು. ಒಮ್ಮೆ ಬಂಕರಿನ ಮೇಲೇರಿ ಗಾಳಿಯ ಕಿಂಡಿಯೊಳಗೆ ನಳಿಕೆಯನ್ನಿಟ್ಟರು. ಇನ್ನೊಮ್ಮೆ ಸನೀನುಗಳನ್ನು ಹಿಡಿದು ತಮ್ಮ ಕಡೆಗೆ ಓಡಿಬಂದವರ ಮೇಲೆ ಜ್ವಾಲೆಯನ್ನು ಹಾಯಿಸಿದರು. ರಕ್ಷಣೆಗೆ ಬಂದಿದ್ದ ನಾಲ್ವರಲ್ಲಿ ಇಬ್ಬರು ಅಂದೇ ಮಡಿದರು.

ಇಲ್ಲಿ ಕ್ರೋಧವಿತ್ತೇ? ಭಯವಿತ್ತೆಂದು ಅವರೇ ಅನೇಕ ಸಲ ಹೇಳಿದ್ದರು. ಆ ನಾಲ್ಕು ಗಂಟೆಗಳ ಬಹುಭಾಗವು ತಮ್ಮ ನೆನಪಿನಲ್ಲಿಯೇ ಇಲ್ಲವೆಂದೂ ಹೇಳಿದ್ದರು. ಗೃಹಸ್ಥನಿಗೆ ವಿರೋಧಿ ಹಿಂಸೆಯು ಸಂಪೂರ್ಣವಾಗಿ ತ್ಯಾಜ್ಯವಲ್ಲವೆಂದು ಶ್ರಾವಕಧರ್ಮವು ಒಪ್ಪುತ್ತದೆ. ಚಾವುಂಡರಾಯನಂತಹ ದಂಡನಾಯಕರು ಧರ್ಮಾತ್ಮರೆನಿಸಿಕೊಂಡದ್ದು ಈ ತಿಳುವಳಿಕೆಯ ಮೇಲೆಯೇ. ಎದುರಿನಿಂದ ಗುಂಡು ಬರುತ್ತಿರುವಾಗ, ಹಿಂದೆ ತನ್ನವರು ಬೀಳುತ್ತಿರುವಾಗ, ಇಪ್ಪತ್ತೊಂದು ವರ್ಷದ ಯುವಕನೊಬ್ಬನು ಮಾಡಿದುದನ್ನು ಸಂಕಲ್ಪಿ ಹಿಂಸೆಯೆಂದು ಕರೆಯಲು ನಾಲಗೆ ಬಾರದು. ಆದರೆ ಒಪ್ಪಿದ ಮಾತ್ರಕ್ಕೆ ಅದು ಹಿಂಸೆಯಲ್ಲದೆ ಹೋಗುವುದಿಲ್ಲ. ಅದರ ಫಲವು ಇಲ್ಲವಾಗುವುದಿಲ್ಲ. ಅನಿವಾರ್ಯವೆಂಬುದು ಬಂಧವನ್ನು ಮಂದಗೊಳಿಸಬಹುದು, ಅಳಿಸಲಾರದು. ಈ ವಿವೇಚನೆಯನ್ನು ಬಿಟ್ಟು, ಅವಶ್ಯವಾದುದೆಲ್ಲ ನಿರ್ದೋಷವೆಂದು ಭಾವಿಸಿದ ದೇಶಗಳೇ ಮುಂದೆ ಅವಶ್ಯಕತೆಯ ಗಡಿಯನ್ನು ವಿಸ್ತರಿಸುತ್ತ ಹೋದುವು.

ಹೇಗೆ ವಿಸ್ತರಿಸಿದುವೆಂಬುದನ್ನು ನೋಡಲು ಹೆಚ್ಚು ದೂರ ಹೋಗಬೇಕಾಗಿಲ್ಲ. ಇವೋ ಜಿಮಾದ ಕಾಳಗವು ಇನ್ನೂ ನಡೆಯುತ್ತಿರುವಾಗಲೇ, ಅದೇ 1945ರ ಮಾರ್ಚ್ 9ರ ರಾತ್ರಿ, 279 ಬಿ-29 ವಿಮಾನಗಳು ಟೋಕಿಯೊ ನಗರದ ಮೇಲೆ 1,665 ಟನ್ನುಗಳಷ್ಟು ಬೆಂಕಿಬಾಂಬುಗಳನ್ನು ಸುರಿದವು. ಅವುಗಳಲ್ಲಿ ಬಹುಪಾಲಿನಲ್ಲಿ ಇದ್ದುದು ವಿಲಿಯಮ್ಸ್ ಹೊತ್ತಂತಹ ಯಂತ್ರಗಳಲ್ಲಿ ತುಂಬುತ್ತಿದ್ದ ಅದೇ ಬಗೆಯ ಲೋಳೆ. ಬೆಳಗಾಗುವುದರೊಳಗೆ ನಾಲ್ವತ್ತು ಚದರ ಕಿಲೋಮೀಟರುಗಳಷ್ಟು ನಗರವು ಬೂದಿಯಾಯಿತು, ಸುಮಾರು ಒಂದು ಲಕ್ಷ ಜನರು ಸತ್ತರು, ಹತ್ತು ಲಕ್ಷಕ್ಕೂ ಹೆಚ್ಚು ಜನರು ಮನೆಮಾರು ಕಳೆದುಕೊಂಡರು. ಸತ್ತವರಲ್ಲಿ ಮುದುಕರೂ ತಾಯಂದಿರೂ ಮಕ್ಕಳೂ ಅಸಂಖ್ಯ. ವಿಮಾನದಲ್ಲಿದ್ದವರಿಗೆ ಒಂದು ಮುಖವೂ ಕಾಣಲಿಲ್ಲ. ಸುಟ್ಟ ವಾಸನೆ ಮಾತ್ರ ಮೇಲಕ್ಕೆ ಬಂದು ಕೆಲವರನ್ನು ಕಾಡಿತು. ಈ ದಾಳಿಯಲ್ಲಿಯೂ ಕ್ರೋಧಕ್ಕೆ ಹೆಚ್ಚಿನ ಪಾತ್ರವಿರಲಿಲ್ಲ. ಲೆಕ್ಕಾಚಾರವಿತ್ತು, ನಕ್ಷೆಗಳಿದ್ದವು, ಮರದ ಮನೆಗಳು ಯಾವ ವೇಗದಲ್ಲಿ ಹೊತ್ತಿಕೊಳ್ಳುತ್ತವೆಂಬ ಪರೀಕ್ಷೆಗಳು ಮೊದಲೇ ನಡೆದಿದ್ದವು.

ಜ್ವಾಲಾಯಂತ್ರವೂ ಸೈನಿಕರಿಗೆ ಮಾತ್ರ ಮೀಸಲಾಗಿ ಉಳಿಯಲಿಲ್ಲ. 1943ರ ಏಪ್ರಿಲ್-ಮೇ ತಿಂಗಳುಗಳಲ್ಲಿ ವಾರ್ಸಾದ ಯಹೂದಿ ಕೇರಿಯ ಜನರು ದಂಗೆಯೆದ್ದಾಗ ಜರ್ಮನ್ ಪಡೆಗಳು ಮನೆಯಿಂದ ಮನೆಗೆ, ಬೀದಿಯಿಂದ ಬೀದಿಗೆ ಬೆಂಕಿಯಿಟ್ಟು ನೆಲಮಾಳಿಗೆಗಳಲ್ಲಿ ಅವಿತಿದ್ದ ಕುಟುಂಬಗಳನ್ನು ಹೊರಗೆಳೆದವು. ಆ ಕೆಲಸದಲ್ಲಿ ಜ್ವಾಲಾಯಂತ್ರಗಳೂ ಬಳಕೆಯಾದವು. ದಾಳಿಯನ್ನು ನಡೆಸಿದ ಅಧಿಕಾರಿಯು ಮೇಲಿನವರಿಗಾಗಿ ಅದರ ವರದಿಯನ್ನು ಛಾಯಾಚಿತ್ರಗಳೊಂದಿಗೆ ಅಂದವಾಗಿ ಕಟ್ಟಿಸಿದನು. ಆ ವರದಿಯೇ ಮುಂದೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಯಿತು. ಒಕಿನಾವಾದಲ್ಲಿ 1945ರ ಏಪ್ರಿಲ್‌ನಿಂದ ಜೂನ್‌ವರೆಗೆ ನಡೆದ ಕಾಳಗದಲ್ಲಿ ಗವಿಗಳೊಳಗೆ ಸೈನಿಕರ ಜೊತೆಗೆ ಊರಿನ ಜನರೂ ಸೇರಿಕೊಂಡಿದ್ದರು. ಗವಿಯ ಬಾಯಿಂದ ಹೊಕ್ಕ ಬೆಂಕಿಗೆ ಒಳಗಿರುವವರು ಯಾರೆಂದು ಕೇಳುವ ಅವಕಾಶವಿರಲಿಲ್ಲ.

ಇಷ್ಟೆಲ್ಲ ನಡೆದರೂ ಲೋಕದ ನಿಯಮಗಳು ಬೆಂಕಿಯ ವಿಷಯದಲ್ಲಿ ವಿಚಿತ್ರವಾಗಿ ವರ್ತಿಸಿವೆ. 1868ರಲ್ಲಿಯೇ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೂಡಿದ ದೇಶಗಳು, ಸಿಡಿಯುವ ಅಥವಾ ಉರಿಯುವ ವಸ್ತುವನ್ನು ತುಂಬಿದ, 400 ಗ್ರಾಮಿಗಿಂತ ಕಡಿಮೆ ತೂಕದ ಗುಂಡುಗಳನ್ನು ತ್ಯಜಿಸಲು ಒಪ್ಪಿದ್ದವು. ಶತ್ರುವಿನ ಬಲವನ್ನು ಕುಗ್ಗಿಸುವುದಷ್ಟೇ ಯುದ್ಧದ ನ್ಯಾಯವಾದ ಉದ್ದೇಶ, ಗಾಯಗೊಂಡವನ ನೋವನ್ನು ವೃಥಾ ಹೆಚ್ಚಿಸುವುದು ಅದನ್ನು ಮೀರಿದ ಕೃತ್ಯ ಎಂಬುದು ಆ ಒಪ್ಪಂದದ ತಿರುಳು. ಉರಿಯುವ ಸಣ್ಣ ಗುಂಡು ಅಂದು ಅಮಾನುಷವೆನಿಸಿತು, ಅರ್ಧ ಶತಮಾನ ಕಳೆಯುವುದರೊಳಗೆ ಲೀಟರುಗಟ್ಟಲೆ ಉರಿಯುವ ಎಣ್ಣೆಯು ಆಯುಧವೆನಿಸಿತು. 1919ರ ಸೇಂಟ್ ಜರ್ಮೇನ್ ಒಪ್ಪಂದವು ಸೋತ ಆಸ್ಟ್ರಿಯಾ ದೇಶಕ್ಕೆ ಜ್ವಾಲಾಯಂತ್ರಗಳನ್ನು ತಯಾರಿಸಕೂಡದೆಂದು ವಿಧಿಸಿತು. ಗೆದ್ದವರು ಅದೇ ನಿಯಮವನ್ನು ತಮಗೆ ವಿಧಿಸಿಕೊಳ್ಳಲಿಲ್ಲ.

ಕೊನೆಗೆ 1980ರ ಅಕ್ಟೋಬರ್ 10ರಂದು ಜಿನೀವಾದಲ್ಲಿ ಬೆಂಕಿಯ ಆಯುಧಗಳ ಬಗೆಗೇ ಒಂದು ಒಡಂಬಡಿಕೆ ಸಿದ್ಧವಾಯಿತು. ಅದರ ವ್ಯಾಖ್ಯೆಯಲ್ಲಿ ಜ್ವಾಲಾಯಂತ್ರದ ಹೆಸರು ನೇರವಾಗಿಯೇ ಇದೆ. ನಾಗರಿಕರ ಮೇಲೆ ಬೆಂಕಿಯ ಆಯುಧಗಳನ್ನು ಪ್ರಯೋಗಿಸುವುದನ್ನು ಅದು ಸರ್ವಥಾ ನಿಷೇಧಿಸುತ್ತದೆ. ಜನವಸತಿಯ ನಡುವಿನ ಸೈನ್ಯನೆಲೆಗಳ ಮೇಲೆ ವಿಮಾನದಿಂದ ಬೆಂಕಿ ಸುರಿಯುವುದನ್ನೂ ನಿಷೇಧಿಸುತ್ತದೆ. ಕಾಡುಗಳನ್ನೂ ಸಸ್ಯರಾಶಿಯನ್ನೂ ಸುಡಬಾರದೆಂಬ ಒಂದು ವಿಧಿಯೂ ಅದರಲ್ಲಿ ಸೇರಿದೆ. ಕಾಡಿಗೆ ಕಿಚ್ಚಿಡುವ ವೃತ್ತಿಯನ್ನು ಶ್ರಾವಕರಿಗೆ ವರ್ಜ್ಯವೆಂದು ಹೇಳಿದ ಪರಂಪರೆಯವರಿಗೆ ಅದು ಅಪರಿಚಿತವೆನಿಸಲಾರದು, ಶತ್ರುವು ಅಲ್ಲಿ ಅವಿತಿದ್ದರೆ ಸುಡಬಹುದೆಂಬ ವಿನಾಯಿತಿಯು ಅದರ ಬೆನ್ನಿಗೇ ಇರುವುದು ಬೇರೆಯ ಮಾತು. ಭಾರತವು 1984ರಲ್ಲಿ ಈ ಒಡಂಬಡಿಕೆಯನ್ನು ಅಂಗೀಕರಿಸಿತು. ಅಮೆರಿಕವು 2009ರಲ್ಲಿ ಅಂಗೀಕರಿಸುವಾಗ, ಜನವಸತಿಯ ನಡುವೆಯೂ ವಿಮಾನದಿಂದ ಬೆಂಕಿಯನ್ನು ಬಳಸಿದರೆ ಕಡಿಮೆ ಹಾನಿಯಾಗುವುದೆಂದು ತನಗೆ ತೋರಿದಲ್ಲಿ ಹಾಗೆ ಮಾಡುವ ಹಕ್ಕನ್ನು ಕಾಯ್ದಿರಿಸಿಕೊಂಡಿತು. ಸೈನಿಕನು ಸೈನಿಕನ ಮೇಲೆ ಜ್ವಾಲಾಯಂತ್ರವನ್ನು ಬಳಸುವುದನ್ನು ಮಾತ್ರ ಈ ಒಡಂಬಡಿಕೆಯ ಯಾವ ಸಾಲೂ ನೇರವಾಗಿ ತಡೆಯುವುದಿಲ್ಲ.

ಆದರೂ ಆ ಯಂತ್ರವು ಬಹುಮಟ್ಟಿಗೆ ಮರೆಯಾಯಿತು. ಅಮೆರಿಕದ ಸೈನ್ಯವು 1978ರಲ್ಲಿ, ಯಾವ ಒಡಂಬಡಿಕೆಯೂ ಒತ್ತಾಯಿಸುವ ಮೊದಲೇ, ಅದನ್ನು ಕೈಬಿಟ್ಟಿತು. ದೂರದಿಂದಲೇ ಬಂಕರನ್ನು ಒಡೆಯುವ ಆಯುಧಗಳು ಬಂದಿದ್ದವೆಂಬುದು ಒಂದು ಕಾರಣ. ಯುದ್ಧದ ಬೆಂಕಿಯನ್ನು ಜನರು ಕಣ್ಣಾರೆ ಕಂಡಿದ್ದರೆಂಬುದು ಇನ್ನೊಂದು. 1972ರ ಜೂನ್ 8ರಂದು ವಿಯೆಟ್ನಾಮಿನ ತ್ರಾಂಗ್ ಬಾಂಗ್ ಗ್ರಾಮದ ಹಾದಿಯಲ್ಲಿ ನೇಪಾಮಿನಿಂದ ಮೈಸುಟ್ಟು ಅಳುತ್ತ ಓಡಿಬರುವ ಬಾಲಕಿಯ ಛಾಯಾಚಿತ್ರವು ಲೋಕದ ಮನೆಮನೆಗೂ ತಲುಪಿತ್ತು. ಸೋವಿಯತ್ ಸೈನ್ಯವು 1980ರ ದಶಕದಲ್ಲಿ ಅಫ್ಘಾನಿಸ್ತಾನದಲ್ಲಿ ಬಳಸಿದ ಷ್ಮೆಲ್ ಎಂಬ ಆಯುಧವನ್ನು ಇಂದಿಗೂ ಕಾಲಾಳುವಿನ ಜ್ವಾಲಾಯಂತ್ರವೆಂದೇ ಕರೆಯುತ್ತಾರೆ. ವಾಸ್ತವದಲ್ಲಿ ಅದು ಹೆಗಲ ಮೇಲಿನಿಂದ ನೂರಾರು ಮೀಟರು ದೂರಕ್ಕೆ ಹಾರಿಸುವ ರಾಕೆಟ್ಟು. ಹೊಕ್ಕ ಕೋಣೆಯ ಗಾಳಿಯನ್ನೇ ಅದು ಹೊತ್ತಿಸಿಬಿಡುತ್ತದೆ. ಹೆಸರು ಉಳಿಯಿತು, ಇಪ್ಪತ್ತು ಮೀಟರಿನ ದೂರ ಮಾತ್ರ ಹೋಯಿತು.

ಈ ಬದಲಾವಣೆಯನ್ನು ಕರುಣೆಯ ಗೆಲುವೆಂದು ಕರೆಯಬಹುದೇ ಎಂಬಲ್ಲಿ ಸಂದೇಹಕ್ಕೆ ಎಡೆಯಿದೆ. ಲೋಕವು ತ್ಯಜಿಸಿದ್ದು ಸುಡುವವನಿಗೆ ಸುಡುವುದು ಕಾಣುತ್ತಿದ್ದ ಬೆಂಕಿಯನ್ನು. ಉಳಿಸಿಕೊಂಡದ್ದು ಕಾಣದ ಬೆಂಕಿಯನ್ನು. ಅಸಹ್ಯಪಟ್ಟದ್ದು ಹಿಂಸೆಗೋ, ಅದರ ಸಾಮೀಪ್ಯಕ್ಕೋ? ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವದ ಅಧಿಕರಣಗಳನ್ನು ಗುಣಿಸಿ ತೋರಿಸಿದ ಲೆಕ್ಕವು ಇಲ್ಲಿ ಸ್ಮರಣೀಯ. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು ಹಂತಗಳು. ಮನ, ವಚನ, ಕಾಯಗಳೆಂಬ ಮೂರು ದ್ವಾರಗಳು. ತಾನು ಮಾಡುವುದು, ಮಾಡಿಸುವುದು, ಮಾಡಿದುದಕ್ಕೆ ಅನುಮೋದಿಸುವುದು ಎಂಬ ಮೂರು ರೀತಿಗಳು. ನಾಲ್ಕು ಕಷಾಯಗಳು. ಗುಣಿಸಿದರೆ 108. ಜಪಮಾಲೆಯ ಮಣಿಗಳಿಗೆ ಈ ಲೆಕ್ಕವನ್ನೇ ಹೊಂದಿಸಿ ಹಿರಿಯರು ಹೇಳುವುದುಂಟು. ನಳಿಕೆಯ ಕೀಲನ್ನು ಒತ್ತಿದ ಬೆರಳಿಗೆ ಈ ಎಣಿಕೆಯಲ್ಲಿ ಸಲ್ಲುವುದು ಕೆಲವು ಮಣಿಗಳು ಮಾತ್ರ. ಯೋಚನೆಯಲ್ಲಿಯೇ ಮುಗಿದವು, ಮಾತಿನಲ್ಲಿಯೇ ಮುಗಿದವು, ಇನ್ನೊಬ್ಬರಿಂದ ಮಾಡಿಸಿದವು, ಪತ್ರಿಕೆಯಲ್ಲಿ ವಿಜಯದ ಸುದ್ದಿಯನ್ನೋದಿ ತಲೆದೂಗಿದವು ಇವಕ್ಕೆ ಸಲ್ಲುವ ಮಣಿಗಳೇ ಹೆಚ್ಚು. ಅಲ್ಲದೆ ಕಷಾಯವೆಂದರೆ ಕ್ರೋಧವೊಂದೇ ಅಲ್ಲ. ತನ್ನ ವಿದ್ಯೆಯ ಮೇಲಿನ ಮಾನ, ಬಂದೂಕಿನ ವೇಷದಲ್ಲಿ ಬೆಂಕಿಯನ್ನು ಮರೆಮಾಡುವ ಮಾಯೆ, ಇನ್ನೊಂದು ಗಜ ನೆಲದ ಲೋಭ ಇವೂ ಅದೇ ಸಾಲಿನವು. ಯಾರಿಗೂ ಸಿಟ್ಟು ಬರದಿದ್ದರೂ ಟೋಕಿಯೊ ನಗರವು ಉರಿದುದು ಹೇಗೆಂಬುದಕ್ಕೆ ಆ ಪುರಾತನ ಗುಣಾಕಾರದಲ್ಲಿ ಉತ್ತರವಿದೆ.

ಹೊರಟ ಬೆಂಕಿಯು ಹೊರಟವನಿಗೇ ಮರಳುವುದೆಂಬ ದ್ವೀಪಾಯನನ ಪ್ರಸಂಗದ ಕೊನೆಯ ಭಾಗವು ಮಾತ್ರ ಈ ಹೊಸ ಕಾಲದಲ್ಲಿ ಎಲ್ಲರಿಗೂ ಸಮನಾಗಿ ನಡೆಯಲಿಲ್ಲ. ಟೋಕಿಯೊ ದಾಳಿಯ ಆದೇಶಗಳಿಗೆ ಸಹಿ ಹಾಕಿದವರು ಬಡ್ತಿ ಪಡೆದರು. ಬೆನ್ನಮೇಲೆ ಹೊತ್ತವರಿಗೆ ಅದು ರಾತ್ರಿಗಳಲ್ಲಿ ಮರಳಿತು. ವಿಲಿಯಮ್ಸ್ ಅವರು 1945ರ ಅಕ್ಟೋಬರ್ 5ರಂದು ಅಧ್ಯಕ್ಷ ಟ್ರೂಮನ್ ಅವರಿಂದ ತಮ್ಮ ದೇಶದ ಪರಮೋಚ್ಚ ಶೌರ್ಯಪದಕವನ್ನು ಪಡೆದು ಊರಿಗೆ ಹಿಂದಿರುಗಿದ ಮೇಲೆ ವರ್ಷಗಟ್ಟಲೆ ದುಃಸ್ವಪ್ನಗಳಿಂದ ನರಳಿದರು. 1962ರಲ್ಲಿ ಅವರು ತಮ್ಮ ಮತದ ಪ್ರಾರ್ಥನೆಯ ಕಡೆಗೆ ತಿರುಗಿದ ಬಳಿಕವೇ ಅವು ಹಿಮ್ಮೆಟ್ಟಿದವೆಂದು ಹೇಳಿಕೊಂಡಿದ್ದರು. ಮೂವತ್ತಮೂರು ವರ್ಷಗಳ ಕಾಲ ಅವರು ನಿವೃತ್ತ ಸೈನಿಕರ ಹಾಗೂ ಅವರ ಕುಟುಂಬದವರ ಕಷ್ಟಗಳನ್ನು ಕೇಳುವ ಸರಕಾರಿ ಇಲಾಖೆಯಲ್ಲಿ ದುಡಿದರು. ಮುಂದೆ ಮಕ್ಕಳನ್ನು ಯುದ್ಧದಲ್ಲಿ ಕಳೆದುಕೊಂಡ ಮನೆತನಗಳಿಗಾಗಿ ಊರೂರುಗಳಲ್ಲಿ ಸ್ಮಾರಕಗಳನ್ನು ನಿಲ್ಲಿಸುವ ಕೆಲಸದಲ್ಲಿ ತೊಡಗಿದರು. 2022ರ ಜೂನ್ 29ರಂದು, ತೊಂಬತ್ತೆಂಟನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡಾಗ ಎರಡನೆಯ ಮಹಾಯುದ್ಧದ ಆ ಪದಕವನ್ನು ಪಡೆದವರಲ್ಲಿ ಬದುಕಿದ್ದ ಕೊನೆಯವರು ಅವರೇ ಆಗಿದ್ದರು.

ಪದಕವು ತಮ್ಮದಲ್ಲವೆಂದೂ, ತಮ್ಮನ್ನು ಕಾಯಲು ಬಂದು ಮಡಿದ ಆ ಇಬ್ಬರದೆಂದೂ, ತಾವು ಅವರ ಪರವಾಗಿ ಅದನ್ನು ಧರಿಸುತ್ತಿರುವುದಾಗಿಯೂ ಅವರು ಜೀವನದುದ್ದಕ್ಕೂ ಹೇಳುತ್ತ ಬಂದರು. ಆ ಇಬ್ಬರು ಯಾರೆಂಬುದು ಎಷ್ಟೋ ದಶಕಗಳ ಹುಡುಕಾಟದ ನಂತರ ಅವರಿಗೆ ತಿಳಿಯಿತು. ಪದಕದೊಡನೆ ಕೊಟ್ಟ ಪ್ರಶಸ್ತಿಪತ್ರದಲ್ಲಿ ಬಂಕರಿನ ಗಾಳಿಯ ಕಿಂಡಿಯ ಉಲ್ಲೇಖವಿದೆ, ನಳಿಕೆಯ ಉಲ್ಲೇಖವಿದೆ, ನಾಲ್ಕು ಗಂಟೆಗಳ ಲೆಕ್ಕವಿದೆ. ಕಿಂಡಿಯ ಒಳಗಿದ್ದವರ ಹೆಸರುಗಳಿಲ್ಲ.